ತವರ

ಕಪನೂರಿನ ಶೆಡ್ಡಿನಾಗ ಮೇ ತಿಂಗಳು.
ಫ್ಯಾನು ಅದ, ಹಚ್ಚಾಂಗಿಲ್ಲ.
ಗಾಳಿ ಬಂದ್ರ ಸೆಲ್ಲು ಹಪ್ಪಳದಂಗ ಹಾರ್ತಾವ,
ಕಡ್ಡಿಯ ಮೂತಿ ಆರ್ತದ, ಬೆಸುಗಿ ಹುಸಿ ಹೋಗ್ತದ.
ಎಲ್ಲೋ ಯಾರದೋ ಮನಿಯಾಗ ಫ್ಯಾನು ತಿರುಗಲಿ ಅಂತ
ನಾವು ಹನ್ನೊಂದು ಮಂದಿ ಹೆಣ್ಣುಮಕ್ಕಳು
ಬೆವರು ಸೆಲ್ಲಿನ ಮ್ಯಾಲ ಬೀಳದಂಗ
ಹಣಿಗೆ ಅರಿವಿ ಕಟ್ಟಿಕೊಂಡು ಕುಂತೀವಿ.

ಮೊದಲ ದಿನ ಶಶಿರೇಖಾ ಮೇಡಂ ಹೇಳಿದ್ರು:
ಇದು ಮರಳು. ಕರಗಿಸಿ, ಹರಳು ಕಟ್ಟಿಸಿ,
ಎರಡು ಕೂದಲ ದಪ್ಪಕ್ಕ ಸೀಳ್ಯಾರ.
ನೀಲಿ ಮಾರಿ ಮೈನಸ್ಸು, ಬೂದಿ ಬೆನ್ನು ಪ್ಲಸ್ಸು.
ಒಂದರ ಮಾರಿಯಿಂದ ಮುಂದಿನದರ ಬೆನ್ನಿಗೆ ಪಟ್ಟಿ,
ಮತ್ತ ಮಾರಿ, ಮತ್ತ ಬೆನ್ನು.
ತಪ್ಪಿ ತಿರುವಿ ಹಚ್ಚಿದ್ರ
ಒಂದರ ದುಡಿಮಿ ಇನ್ನೊಂದು ತಿಂತದ.

ಪಟ್ಟಿ ಕೈಗೆ ಬಂತು.
ತಾಮ್ರ ಅಂದ್ರು. ಬಣ್ಣ ತಾಮ್ರದ್ದಲ್ಲ, ಬೆಳ್ಳಗ, ತಣ್ಣಗ.
ಉಗುರಿಲೆ ಕೆರದೆ. ಒಳಗ ಕೆಂಪು.
ಮ್ಯಾಲ ಇರೂದು ಏನ್ರಿ?
"ತವರ."
ನನಗ ಕೇಳಿದ್ದು, ತವರು.

ತಪ್ಪೇನಿಲ್ಲ.
ನಮ್ಮ ತವರುಮನಿ ತುಂಬ ಇದ್ದದ್ದು ಅದೇ.
ಅಬ್ಬಾ ಕಲಾಯಿ ಹಾಕ್ತಿದ್ದ,
ಆಳಂದದಿಂದ ಜೇವರ್ಗಿ ತನಕ ಓಣಿ ಓಣಿ ತಿರುಗಿ.
ನೆಲದಾಗ ತಗ್ಗು, ಇದ್ದಲಿ, ತೊಗಲಿನ ತಿದಿ,
ತಿದಿ ಒತ್ತಾಕಿ ನಾನು.
ನವಸಾಗರ ಒಂದು ಚಿಟಿಕಿ ಒಗದ್ರ
ಬಿಳೀ ಹೊಗಿ ಎದ್ದು ಕಣ್ಣು ಉರಿಯೂದು.
ತವರದ ಕಡ್ಡಿ ಮುಟ್ಟಿಸಿ, ಅರಳಿಲೆ ಸುತ್ತ ಒರಸಿದ್ರ
ಹಂಡೇದ ಹೊಟ್ಟಿಯೊಳಗ ಹುಣ್ಣಿಮಿ.
"ಮಾರಿ ನೋಡ್ಕೋರಿ ಬಾಯಿ" ಅಂತ ಗಿರಾಕಿ ಮುಂದ ಹಿಡೀತಿದ್ದ,
ಕಾಣಲಿಲ್ಲಂದ್ರ ರೊಕ್ಕ ಬ್ಯಾಡ.

ಸ್ಟೀಲ್ ಬಂತು. ತಿದಿಯ ತೊಗಲು ಇಲಿ ತಿಂದ್ವು.
ಇಷ್ಟ ಕಥಿ.

ಈಗ ನವಸಾಗರ ಇಲ್ಲ, ಪೆನ್ನಿನಾಗ ಫ್ಲಕ್ಸು.
ಗೆರಿ ಎಳದು, ಪಟ್ಟಿ ಇಟ್ಟು, ಕಡ್ಡಿ ಜಾರಿಸಬೇಕು.
ತಡದ್ರ ಸೆಲ್ಲು ಸೀಳ್ತದ,
ಅವಸರ ಮಾಡಿದ್ರ ಹಿಡಿಯಂಗಿಲ್ಲ.
ಮೇಡಂ ಬೆರಳು ಎಣಸ್ತಾರ.
ನಾನು ತಿದಿಯ ಒಂದು ಉಸಿರು ಎಣಸ್ತೀನಿ.
ಸೆಲ್ಲು ಒಡದ್ರ ಸಪ್ಪಳಿಲ್ಲ,
ಬೆರಳಿಗೆ ಮಾತ್ರ ತಿಳೀತದ.
ಇಲ್ಲೀತನಕ ಮೂರು ಒಡದೀನಿ.
ಎರಡು ಹೇಳೀನಿ.

ಒಂದಕ್ಕ ಅರ್ಧ ವೋಲ್ಟು, ಹಂಗ ಮೂವತ್ತಾರು.
ಕೆಳಗ ಗಾಜು, ಗಾಜಿನ ಮ್ಯಾಲ ಹಾಲಿನ ಕೆನಿಯಂಥ ಹಾಳಿ,
ಮಾರಿ ಬೋರಲ ಮಾಡಿ ಸೆಲ್ಲಿನ ಸಾಲು,
ಮತ್ತೊಂದು ಹಾಳಿ, ಬೆನ್ನಿಗೆ ಬಿಳೀ ಶೀಟು.
ಲ್ಯಾಮಿನೇಟರ್ ಒಳಗ ಗಾಳಿ ಹೀರಿ
ನೂರಾ ನಲವತ್ತೈದು ಡಿಗ್ರಿ, ಹದಿನೆಂಟು ನಿಮಿಷ.
ಹೋದ ಗುರುವಾರ ಏಳನೇ ನಿಮಿಷಕ್ಕ ಲೈಟು ಹೋತು.
ಮೊದಲು ಯಾರೂ ನಗಲಿಲ್ಲ.
ಸುಗಲಾಬಾಯಿ ಕಿಸಕ್ಕಂದ ಮ್ಯಾಲ ಮೇಡಮ್ಮೂ ನಕ್ಕರು.
ಒಳಗಿದ್ದ ಪ್ಯಾನಲ್ಲಿನ ಮಾರಿ ತುಂಬ ಗುಳ್ಳಿ.
ಮೂಲ್ಯಾಗ ಕಲ್ಲಿನ ಮ್ಯಾಲ ಇಟ್ಟೀವಿ,
ಅದರ ಮ್ಯಾಲ ಡಬ್ಬಿ ಬಿಚ್ಚಿ ಉಣ್ತೀವಿ.

ನಿನ್ನೆ ನಾ ಡಬ್ಬಿ ಮರತು ಬಂದಿದ್ದೆ,
ಅಬ್ಬಾ ತಂದ.
ಬಯಲಾಗ, ಶಹಾಬಾದ ಫರಸಿ ಮ್ಯಾಲ,
ಹೊಸಾ ಪ್ಯಾನಲ್ಲು ಬಿಸಲಿಗೆ ಹಾಕಿ ಮೀಟರ್ ಹಚ್ಚಿದ್ದೆ.
ಎಂಟೂವರಿ ಆಂಪಿಯರ್.
"ಇದನ್ನ ಆರಸೂದು ಹ್ಯಾಂಗ?" ಅಂದ.
ಆರಸಾಕ ಬರಂಗಿಲ್ಲ ಅಬ್ಬಾ,
ಹೊತ್ತು ಮುಳಗಬೇಕು, ಇಲ್ಲಾ ಏನಾರ ಹೊಚ್ಚಬೇಕು.

ಚಷ್ಮಾ ಏರಿಸಿದ. ಗಾಜಿನೊಳಗಿನ ಬಿಳೀ ಗೆರಿಗುಂಟ
ಹೆಬ್ಬೆರಳು ಎಳದ.
"ಕಲಾಯಿ ಛೊಲೊ ಹಿಡದದ."
ಆಮ್ಯಾಲ, ಹಳೀ ಚಟ,
ಕಾಣ್ತದೋ ಇಲ್ಲೋ ಅಂತ ಪೂರಾ ಬಗ್ಗಿದ.
ಮೀಟರ್ ಎಂಟೂವರಿಯಿಂದ ಎರಡಕ್ಕ ಇಳೀತು.

ನಂಬರ್ ಬರಕೊಳ್ಳಾಕ ಮೇಡಂ ಪೆನ್ನು ಹಿಡಿದು ನಿಂತಿದ್ರು.
ಒಂದು ನಿಮಿಷ ತಡೀರಿ ಮೇಡಂ, ಅಂದೆ,
ಮಾರಿ ನೋಡ್ಕೊಳ್ಳಾಕತ್ಯಾನ.