ಏಳರ ಕಾಲು

ಈ ದಫ್ತರ ನನ್ನ ಕೈಗೆ ಬಂದು ಮೂವತ್ತೊಂದು ವರ್ಷ.
ಮಗುವಿನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ,
ತಲೆಗೆ ನೀರು ಬಿದ್ದ ಭಾನುವಾರ.
ನ್ಖೋಟಕೋಟದ ಗೆದ್ದಲಿಗೆ ದೇವರ ಭಯವಿಲ್ಲ;
ತಿಂಗಳಿಗೊಮ್ಮೆ ಸೀಮೆಎಣ್ಣೆ ಬಟ್ಟೆಯಲ್ಲಿ
ಚರ್ಚಿನ ಕಪಾಟು ಒರೆಸುತ್ತೇನೆ.
ಇಲ್ಲಿ ಬಹಳ ಮಕ್ಕಳಿಗೆ, ತಾವು ಹುಟ್ಟಿದ್ದಕ್ಕೆ
ಇದೊಂದೇ ಸಾಕ್ಷಿ.

ಗೆದ್ದಲಿಗಿಂತ ಹೆಚ್ಚು ತಿಂದವನು ನಾನು.
ಬರೀ ಒಂದು ಗೆರೆ.

ಹಸಿವಿನ ಫೆಬ್ರವರಿ. ಮೆಕ್ಕೆಜೋಳ ಇನ್ನೂ ಹಾಲುಗಾಳು.
ಎನೆಲೆಸಿಯ ಸೋದರಮಾವ ಬಂದ, ಟೋಪಿ ಕೈಯಲ್ಲಿ ಹಿಡಿದು:
"ಜಕೆಯೊ, ನಿನ್ನ ಅಕ್ಷರ ಮುತ್ತಿನಂಥದು.
ಏಳಕ್ಕೊಂದು ಕಾಲು ಕೊಡು, ಎರಡಾಗುತ್ತದೆ.
ಹುಡುಗಿ ಐದು ವರ್ಷ ದೊಡ್ಡವಳಾಗುತ್ತಾಳೆ, ಅಷ್ಟೇ."
ಹೊರಗೆ ಗೋಡೆಗೆ ಒರಗಿತ್ತು ಒಂದು ಮೂಟೆ.
ನನ್ನ ಮನೆಯ ಒಲೆಯೂ ಎರಡು ದಿನದಿಂದ ತಣ್ಣಗಿತ್ತು.
ಇದನ್ನು ನೆಪ ಎಂದು ಹೇಳುತ್ತಿಲ್ಲ,
ಬೆಲೆ ಎಂದು ಹೇಳುತ್ತಿದ್ದೇನೆ.

ವಯಸ್ಸಾಗಿದೆಯೇ ಎಂದು ಪಾದ್ರಿ ಕೇಳಿದರು.
ದಫ್ತರ ಹೌದೆಂದಿತು. ಗಂಟೆ ನಾನೇ ಬಾರಿಸಿದೆ.
ಹಾಡುವಾಗ ಅವಳ ತುಟಿ ಮಾತ್ರ ಅಲುಗುತ್ತಿತ್ತು;
ಬೂಟು ಅವಳಿಗೆ ದೊಡ್ಡದು,
ಬೆರಳ ಮುಂದೆ ಚಿಂದಿ ತುರುಕಿದ್ದರು.

ಈಗಲೂ ಪ್ರತಿ ಭಾನುವಾರ ಮೂರನೇ ಬೆಂಚು.
ನಾಲ್ಕು ಮಕ್ಕಳು; ಮಾವಿನ ಬುಡದಲ್ಲಿ ಇನ್ನೊಂದು, ಹೆಸರಿಲ್ಲದ್ದು.
ಹೋಗುವಾಗ ಒಮ್ಮೊಮ್ಮೆ ಕೇಳುತ್ತಾಳೆ:
"ಅಣ್ಣಾ, ನನಗೀಗ ಎಷ್ಟಾಯಿತು?"
ಲೆಕ್ಕ ಹಾಕುವವನಂತೆ ಮೇಲೆ ನೋಡುತ್ತೇನೆ.
ಮೇಲೆ ಬಾವಲಿಗಳು.

ಮತ್ತೆ ಫೆಬ್ರವರಿ. ಹುಡುಗಿ ಬೇರೆ, ತಿಯಾಮಿಕೆ.
ಸಾಲಿಮಾದ ಮೀನು ವ್ಯಾಪಾರಿ ತಂದಿದ್ದಾನೆ
ಹೊಸ ಬಲೆ, ದೋಣಿಗೊಂದು ಎಂಜಿನ್ನು.
ಇವಳ ಮಾವ ಗೆರೆ ಕೇಳಲಿಲ್ಲ:
"ಗೆದ್ದಲು ತಿಂದಿತು ಅನ್ನು, ಸಾಕು."
ಹೂಂ ಅಂದೆನೋ ಉಹುಂ ಅಂದೆನೋ
ಅವನಿಗೂ ತಿಳಿಯಲಿಲ್ಲ, ನನಗೂ.

ಗುರುವಾರ ತಾಯಂದಿರ ಸಂಘದವರು ಬಂದರು,
ನೀಲಿ ಬಿಳಿ ಉಡುಪಿನ ಹದಿನೇಳು ಹೆಂಗಸರು,
ಜೊತೆಗೆ ರಸ್ತೆಯಾಚೆಯ ಮಸೀದಿಯ ಷೇಕ್ ಬ್ವಾನಾಲಿ.
ಅವರ ಬಳಿ ದಫ್ತರವಿಲ್ಲ, ನೆನಪಿದೆ:
"ಈ ಮಗು ಹುಟ್ಟಿದ ವಾರ ಸರೋವರದಿಂದ
ಮೂರು ಹೆಣ ಬಂದವು. ಗುಂಡಿ ತೋಡಿದವನು ನಾನು.
ಬಾಣಂತಿಗೆ ಕಾಯಿಸಿದ ನೀರಿನಲ್ಲಿ ಇವಳಜ್ಜಿ
ನನಗೂ ಒಂದು ಚೊಂಬು ಕೊಟ್ಟಳು, ಕೈ ತೊಳೆಯಲು.
ಆ ಗೋರಿಗೆ ನೆಟ್ಟ ಬೇವಿಗೆ ಈಗ ಹದಿನಾಲ್ಕು.
ಮರಕ್ಕಿದ್ದ ವಯಸ್ಸು ಹುಡುಗಿಗಿಲ್ಲವೆ?"

ಮಾವ ನಕ್ಕ. ವ್ಯಾಪಾರಿ ಗಡಿಯಾರ ನೋಡಿಕೊಂಡ.
ಊರ ಮುಖ್ಯಸ್ಥ ನನ್ನತ್ತ ತಿರುಗಿದ: "ಪುಸ್ತಕ?"
ತಲೆಯ ಮೇಲಿನ ಬಕೆಟ್ಟು ಇಳಿಸದೆ
ತಿಯಾಮಿಕೆ ಬಾಗಿಲಲ್ಲೇ ನಿಂತಿದ್ದಳು, ನೀರು ತುಳುಕುತ್ತಿತ್ತು.

ಓದಿದೆ. ದಿನ, ತಿಂಗಳು, ಇಸವಿ.

ಎಂಜಿನ್ನು ಬಂದ ಸೈಕಲ್ಲಿನ ಮೇಲೆಯೇ ಹಿಂದಕ್ಕೆ ಹೋಯಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳಮ್ಮ ಅತ್ತಳು,
ಸಂತೋಷಕ್ಕಲ್ಲ, ರಾತ್ರಿಗೆ ಹಿಟ್ಟಿರಲಿಲ್ಲ.
ಸಂಘದವರು ಸೊಂಟದ ಚಿತೆಂಜೆಯ ಗಂಟು ಬಿಚ್ಚಿ ಚಿಲ್ಲರೆ ಎಣಿಸಿದರು,
ಷೇಕ್ ಅರ್ಧ ಮೂಟೆ ಕಳಿಸುತ್ತೇನೆಂದರು,
ಶಾಲೆಯ ಫೀಜಿನ ಮಾತು ಮುಗಿಯದೆ
ಮುಂದಿನ ಗುರುವಾರಕ್ಕೆ ಹೋಯಿತು.

ಪುಸ್ತಕ ಮುಚ್ಚುವುದರಲ್ಲಿದ್ದೆ.
ನೀಲಿ ಸಾಲಿನ ಕೊನೆಯಿಂದ ಎನೆಲೆಸಿ:
"ಅಣ್ಣಾ, ಹೇಗೂ ತೆರೆದಿದೆಯಲ್ಲ. ನನ್ನದೂ ಓದು."

ಪುಟ ಸಿಕ್ಕಿತು. ಉಳಿದ ಶಾಯಿ ಕಂದಿದೆ,
ಆ ಗೆರೆ ಮಾತ್ರ ಇನ್ನೂ ಕಪ್ಪು.
"ತೊಂಬತ್ತ..." ಎಂದೆ.
ಎರಡಕ್ಕೂ ಏಳಕ್ಕೂ ಅಲ್ಲಿಯವರೆಗೆ ಒಂದೇ ಉಸಿರು.
ಮುಂದಿನದು ಒಂದು ಸ್ವರ, ಗಿಡ್ಡವೋ ಉದ್ದವೋ.
ಅವಳು ಬೆರಳು ಮಡಚಿಕೊಂಡು ಕಾಯುತ್ತಿದ್ದಳು.

"...ಏಳು," ಎಂದೆ.

ಎಣಿಸಿದಳು. ಮತ್ತೆ ಮೊದಲಿಂದ ಎಣಿಸಿದಳು.
ಮದುವೆಯ ವರ್ಷಕ್ಕೆ ಬಂದಾಗ
ಬೆರಳು ನಿಂತಿತು.