ಏಳನೆಯ ಅರ್ಜಿ

ಭದ್ರಾವತಿಯ ತಾಲ್ಲೂಕು ಕಚೇರಿ ಹಿಂದೆ, ಜೆರಾಕ್ಸ್ ಅಂಗಡಿ ಮಗ್ಗುಲಲ್ಲಿ
ನನ್ನದೊಂದು ಸ್ಟೂಲು, ಮಡಚುವ ಮೇಜು.
ಕಾಗದ ಕಾರ್ಖಾನೆ ಬಾಗಿಲು ಹಾಕಿದಾಗ
ಬಾಕಿ ಸಂಬಳ ಬರಲಿಲ್ಲ,
ನಾಲ್ಕು ರೀಮು ಹಾಳೆ ಮನೆಗೆ ಬಂತು.
ಗುರುವಾರ ಗುರುವಾರ ಅದರ ಮೇಲೆ ಬರೆಯುತ್ತೇನೆ,
ಯಾರ ಹತ್ತಿರವೂ ದುಡ್ಡು ಮುಟ್ಟುವುದಿಲ್ಲ.
'ಎಜ್ರಾ ಮೇಸ್ತ್ರಿಗೆ ಸ್ವರ್ಗದಲ್ಲಿ ಸೈಟು ಮಂಜೂರಾಗಿದೆ'
ಅಂತ ಗುಮಾಸ್ತ ನಗುತ್ತಾನೆ.

ತಾಂಡಾದ ಸೀತ್ಲಿಬಾಯಿಗೆ ಇದು ಏಳನೆಯದು.
ಒಮ್ಮೆ ಗಂಡನ ಹೆಸರಿಗೆ ದೀರ್ಘ ಇಲ್ಲ,
ಒಮ್ಮೆ ಮರಣಪತ್ರದಲ್ಲಿ ಇನ್ಯಾರದೋ ಊರು,
ಮೊನ್ನೆಯದಕ್ಕೆ, ಸಾಹೇಬರಿಗೆ ವರ್ಗ.
ಸುಳ್ಳೇಕೆ, ನನಗೂ ಸಾಕಾಗಿತ್ತು.
ಅವಳ ಕೆಮ್ಮು ಕೇಳಿದ್ದೇ
ಚಹಾದ ನೆಪದಲ್ಲಿ ಏಳಬೇಕೆಂದಿದ್ದೆ.
ಭಾನುವಾರ ಪಾದ್ರಿಗಳು 'ಒಳ್ಳೇದು ಮಾಡ್ತಾ ಸೋಲಬೇಡಿ' ಅಂದಾಗ
ಇವರೇನು ಬಲ್ಲರು ಮೂರನೇ ಕೌಂಟರಿನ ಸಂಗತಿ
ಎಂದು ಗೊಣಗಿದ್ದೆ,
ಆಮೆನ್ ಜೊತೆಗೇ.

ಸ್ಟೂಲಿನ ಬದಿಗೆ ಕುಕ್ಕರಗಾಲಲ್ಲಿ ಕೂತು
ಪೆನ್ನಿನ ಓಟವನ್ನೇ ನೋಡುತ್ತ ಕೇಳಿದಳು:
'ನಿಮ್ಮ ದೇವರಿಗೂ ಹಿಂಗೇ ಬರೀತೀರೇನಪ್ಪ?'
'ದಿನಾ ರಾತ್ರಿ. ಕಾಗದ ಇಲ್ದೆ.'
'ಉತ್ತರ ಬರ್ತದಾ?'

ಹೊಳೆ ಕಡೆಯಿಂದ ಗಾಳಿ ನುಗ್ಗಿ ಹಾಳೆಗಳು ಎದ್ದವು.
ನನಗಿಂತ ಮೊದಲು ಅವಳೇ
ಅಂಗೈಯಲ್ಲಿ ಒತ್ತಿ ಹಿಡಿದಳು;
ಹೆಬ್ಬೆಟ್ಟಿನಲ್ಲಿ ಆರನೆಯದರ ಶಾಯಿ
ಇನ್ನೂ ಪೂರ್ತಿ ಮಾಸಿರಲಿಲ್ಲ.

ಕಾರ್ಬನ್ ತಿರುಗಿಸಿ ಇಟ್ಟೆ.
'ಹಿಂಗೇ ಹಿಡ್ಕೊಂಡಿರಮ್ಮ' ಎಂದು
ತಾರೀಖು ಹಾಕಿದೆ.