ತೆಗಿ

ಕಲಬುರಗಿ, ಶಹಾಬಜಾರದ ಓಣಿ, ಬೆಳಗಿನ ಏಳು.
ರೊಟ್ಟಿ ಕೇಂದ್ರದಲ್ಲಿ ಐದು ಹಂಚು, ಹತ್ತು ಕೈ,
ಹತ್ತಕ್ಕೂ ಮೊಣಕೈತನಕ ಹಿಟ್ಟು.
ಅದಕ್ಕೇ ಬಂದದ್ದು ನಾನು, ಫೋನು, ಸ್ಟ್ಯಾಂಡು, ಹಾಳೆ ಹಿಡಿದು:
ಮುಟ್ಟದೆ, ಬರೀ ಮಾತಿನಿಂದ ಆರ್ಡರು ಬರೆದುಕೊಳ್ಳುವ ಆ್ಯಪು.
ಆಫೀಸಿನ ಕೋಣೆಯಲ್ಲಿ ಫ್ಯಾನು ಆರಿಸಿ
ಪಾಠ ಓದುವ ಹಾಗೆ ನಾವೇ ಮಾತಾಡಿದಾಗ
ನೂರಕ್ಕೆ ತೊಂಬತ್ತಾರು ತಿಳಿದಿತ್ತು ಅದಕ್ಕೆ.

ಇಲ್ಲಿ ತಟ್ಟುವ ಸದ್ದಿಗೇ ಎದ್ದು ಕೂತಿತು.
ತಪ್ ತಪ್ ತಪ್.
"ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ."
"ಏ, ಇದಕ್ಕ ರೊಟ್ಟಿ ಭಾಷಾ ಬರ್ತದ ನೋಡ್ರೆ!"
ಅಂದಳು ಭೌರಮ್ಮ, ನನ್ನ ಹಾಳೆಯಲ್ಲಿ ಏಳನೇ ನಂಬರು.

ನಿಮ್ಮ ರೂಢಿಯ ಹಾಗೇ ಹೇಳ್ರಿ, ಅಂದೆ.
"ದೀಡ ನೂರು ರೊಟ್ಟಿ, ಅಡೀಚ ಕಿಲೋ ಶೇಂಗಾ ಹಿಂಡಿ,
ಲಗ್ನದ ಮನಿಗಿ, ನಾಡದು."
ಅದು ಬರೆದುಕೊಂಡದ್ದು ನೂರೇ ರೊಟ್ಟಿ.
ಅಡೀಚ ಹೋಗಿ ಅಡಿಕೆಯಾಗಿತ್ತು.
"ಐವತ್ತು ರೊಟ್ಟಿ ತಾನೇ ನುಂಗ್ತಲ್ಲ,"
ನಕ್ಕರು ಎಲ್ಲರೂ. ನಾನೂ. ಗುರುತು ಹಾಕಿಕೊಂಡೆ.

ಬೇಡ ಅನ್ನಲು ಇಲ್ಲಿ ನಾಲಿಗೆಯ ತುದಿಯಲ್ಲಿ ಒಂದು ಚ್.
ನಾವು ಯಂತ್ರಕ್ಕೆ ಕಲಿಸಿದ್ದು: ರದ್ದುಗೊಳಿಸಿ.
"ಅದು ಕೋರ್ಟಿನಾಗ ಅಂತಾರಲ್ಲ?"

ನಾಲ್ಕನೇ ಕೆಲಸ, ಹಳೆಯ ಆರ್ಡರೊಂದನ್ನು ಅಳಿಸುವುದು.
ಯಾವುದು ಅಂತ ನಾನು ಹೇಳಲಿಲ್ಲ, ಅವಳೇ ಆರಿಸಿಕೊಂಡಳು.
"ಮೋಮಿನಪುರದ ಟೀಚರಮ್ಮಂದು. ಅದನ್ನ ತೆಗಿ."

ತೆಗಿ.
ಬಾಗಿಲು ತೆಗಿ. ಹಂಚಿನ ಮ್ಯಾಲಿಂದ ತೆಗಿ.
ಪಟ್ಟಿಯಿಂದ ಹೆಸರು ತೆಗಿ.
ಯಂತ್ರ ಬಾಗಿಲನ್ನೇ ತೆಗೆಯಿತು.
ಹಳೆಯ ವಹಿಯಿಂದ ನಾವು ಏರಿಸಿದ್ದನ್ನೆಲ್ಲ
ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿತು:
"ಜೈಬುನ್ನಿಸಾ ಟೀಚರ್. ದಿನಕ್ಕೆ ಎರಡು ರೊಟ್ಟಿ.
ಮೆತ್ತಗಿರಲಿ, ಹಲ್ಲಿಲ್ಲ. ತಲುಪಿಸಬೇಕಾದದ್ದು: ಇಂದು."

ಐದೂ ಹಂಚಿನ ಮುಂದೆ ತಟ್ಟುವುದು ನಿಂತಿತು.
ಬೆಳಗಿನಿಂದ ಬೇಡಿಕೊಳ್ಳುತ್ತಿದ್ದ ನಿಶ್ಶಬ್ದ
ಈಗ ಸಿಕ್ಕಿತ್ತು ಅದಕ್ಕೆ.
ಮೂರು ಸೆಕೆಂಡು ಕಾಯಿತು, ನಾವು ಹೇಳಿಕೊಟ್ಟಷ್ಟೇ.
"ನೀವು ಇನ್ನೂ ಇದ್ದೀರಾ?"
"ನಾ ಅದೀನಿ," ಅಂದಳು ಭೌರಮ್ಮ. "ಆಕಿ ಇಲ್ಲ. ಹೋದ ಸೋಮಾರ..."
"ಸೋಮವಾರಕ್ಕೆ ಬದಲಾಯಿಸಲೇ?"

ಚ್.

ಪರೀಕ್ಷೆ ನಡೆಸುವವರು ನಡುವೆ ಬಾಯಿ ಹಾಕಬಾರದು.
ಹಾಳೆಯಲ್ಲಿ ಇರುವುದು ಎರಡೇ ಚೌಕ: ಆಯಿತು, ಆಗಲಿಲ್ಲ.
ಅವಳು ನನ್ನ ಕಡೆ ತಿರುಗಿ ಕೇಳಿದಳು,
ಸಿಟ್ಟಿಲ್ಲ, ದಾರಿ ಕೇಳುವವರ ಹಾಗೆ:
"ಸತ್ತಾರ ಅಂತ ಇದಕ್ಕ ಹ್ಯಾಂಗ ಹೇಳ್ಬೇಕ್ರಿ?"

ರಾತ್ರಿ ಲಾಡ್ಜಿನಲ್ಲಿ ವರದಿ ಬರೆದೆ.
ದೀಡ, ಅಡೀಚ, ಸವ್ವಾ ಕಲಿಸಬೇಕು. ಚ್ ಕಲಿಸಬೇಕು.
ತೆಗಿ ಅಂದಾಗ ಯಾವ ತೆಗಿ ಅಂತ ಮೊದಲು ಕೇಳಬೇಕು, ಮೆಲ್ಲಗೆ.
ಮೂರು ಸೆಕೆಂಡು ಸಾಲದು. ಎಷ್ಟು ಸಾಕು ಎಂಬಲ್ಲಿ
ಜಾಗ ಬಿಟ್ಟಿದ್ದೇನೆ, ತುಂಬಲು ಬರಲಿಲ್ಲ.

ರೆಕಾರ್ಡು ಮತ್ತೆ ಹಾಕಿದೆ.
ಅವಳ ಪ್ರಶ್ನೆಯ ನಂತರ ಯಾರೂ ಇಲ್ಲ, ನಾನೂ ಇಲ್ಲ.
ಎಲ್ಲೋ ಒಂದು ರೊಟ್ಟಿ ಸೀದ ಮೇಲೆ ಯಾರೋ ಎದ್ದ ಬಳೆಯ ಸದ್ದು.
ಆಮೇಲೆ ಒಂದು ತಪ್.
ಇನ್ನೊಂದು.
"ಹೇಳಿ," ಅನ್ನುತ್ತದೆ, "ಕೇಳಿಸಿಕೊಳ್ಳುತ್ತಿದ್ದೇನೆ."